ಔಷಧವೂ ಅದರ ವಿನಿಯೋಗವೂ: ಮಧುಗಿರಿ ಸೀಮೆಯ ವಿಚಾರವಾಗಿ ಒಂದು ಸೂಚನೆ

ಕಾಯಿಲೆ ಬಂದಾಗ ವೈದ್ಯರನ್ನು ಕಾಣಬೇಕೆಂಬ ಅರಿವು ನಮ್ಮ ಜನರಲ್ಲಿ ಈಗ ಸಾಕಷ್ಟು ಹರಡಿದೆ. ಸರ್ಕಾರದ ಆಸ್ಪತ್ರೆಗಳು ಹೆಚ್ಚಿವೆ. ಔಷಧದ ಅಂಗಡಿಗಳು ಹೋಬಳಿಯ ಊರುಗಳವರೆಗೂ ಬಂದು ನಿಂತಿವೆ. ಇವೆಲ್ಲವೂ ಸಂತೋಷಪಡತಕ್ಕ ಸಂಗತಿಗಳೇ ಸರಿ. ಆದರೆ ವೈದ್ಯರು ಚೀಟಿ ಬರೆದುಕೊಟ್ಟ ಮೇಲೆ ಅದರಲ್ಲಿರುವ ಮಾತ್ರೆಯೇ ರೋಗಿಯ ಕೈಸೇರಿತೆ? ಸೇರಿದುದನ್ನು ಆತನು ಹೇಳಿದ ಹೊತ್ತಿಗೆ, ಹೇಳಿದ ಪ್ರಮಾಣದಲ್ಲಿ ಸೇವಿಸಿದನೆ? ಸೇವಿಸಿದುದರಿಂದ ಗುಣವಾಯಿತೆ, ಅಥವಾ ಹೊಸದೊಂದು ಬಾಧೆ ತಲೆದೋರಿತೆ? ಈ ಪ್ರಶ್ನೆಗಳನ್ನು ಕೇಳುವವರು ನಮ್ಮಲ್ಲಿ ಬಹು ವಿರಳ. ಒಂದು ಔಷಧವನ್ನು ಕಂಡುಹಿಡಿಯುವುದಕ್ಕೆ ವಿಜ್ಞಾನಿಗಳು ಹತ್ತಾರು ವರ್ಷ ದುಡಿಯುತ್ತಾರೆ. ಅದನ್ನು ತಯಾರಿಸುವುದಕ್ಕೆ ಕೋಟ್ಯಂತರ ಹಣ ವೆಚ್ಚವಾಗುತ್ತದೆ. ಅಷ್ಟೆಲ್ಲ ಶ್ರಮದಿಂದ ಬಂದ ವಸ್ತುವು ಕಟ್ಟಕಡೆಗೆ ಔಷಧದ ಕಿಟಕಿಯ ಮುಂದೆ, ಅರ್ಧ ನಿಮಿಷದ ಮಾತಿನಲ್ಲಿ, ತಿಳಿದೋ ತಿಳಿಯದೆಯೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಹೋಗುತ್ತದೆ. ಆ ಅರ್ಧ ನಿಮಿಷದಲ್ಲಿ ಏನು ನಡೆಯಿತು, ಅದರಿಂದ ಏನಾಯಿತು ಎಂಬುದನ್ನು ಕ್ರಮವಾಗಿ ಪರೀಕ್ಷಿಸುವ ವಿದ್ಯೆಯೊಂದು ಈಗ ಬೆಳೆದುಬಂದಿದೆ. ಅದಕ್ಕೆ ಔಷಧ ವೃತ್ತಿ ಸಂಶೋಧನೆಯೆಂದು ಹೆಸರು. ಈ ವಿದ್ಯೆಯಿಂದ ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಿಗೆ, ಎಂದರೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡಗಳಿಗೆ, ಏನು ಉಪಕಾರವಾದೀತೆಂಬುದನ್ನು ಇಂದು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಈ ಸೀಮೆಯ ಸ್ಥಿತಿಯನ್ನು ನಾವು ವಿವರಿಸಬೇಕಾದುದಿಲ್ಲ. ಮಳೆ ಕಡಮೆ, ನೆಲ ಬಂಡೆಗಲ್ಲಿನದು, ಬೆಳೆ ಬಂದರೆ ಬಂತು, ಹೋದರೆ ಹೋಯಿತು. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟು, ಜಿಲ್ಲೆಯ ಮುಖ್ಯಸ್ಥಳದಿಂದ ಸುಮಾರು ೧೦೦ ಕಿಲೋಮೀಟರು ದೂರದಲ್ಲಿದೆ. ಕೆಲಸ ಅರಸಿಕೊಂಡು ಬೆಂಗಳೂರಿಗೆ ಹೋಗಿ, ಹಬ್ಬಕ್ಕೋ ಬಿತ್ತನೆಗೋ ಹಿಂದಿರುಗುವ ಸಂಸಾರಗಳು ಇಲ್ಲಿ ಅನೇಕ. ಇಂತಹ ಕಡೆಯಲ್ಲಿ ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಚಾರ್ಜು ತೆತ್ತು ಆಸ್ಪತ್ರೆಗೆ ಬಂದ ಮನುಷ್ಯನಿಗೆ ಕೊಟ್ಟ ಔಷಧವು ವ್ಯರ್ಥವಾದರೆ ಅದು ಕೇವಲ ಮಾತ್ರೆಯ ನಷ್ಟವಲ್ಲ. ಆತನು ಎರಡನೆಯ ಸಲ ಬರುವುದೇ ಇಲ್ಲ.

ಔಷಧ ವಿನಿಯೋಗದ ಪರೀಕ್ಷೆ ಈ ಜಿಲ್ಲೆಗೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ದೇಶದ ಆರೋಗ್ಯ ನೀತಿಯನ್ನೇ ತಿದ್ದಿದ ಒಂದು ಸಂಶೋಧನೆ ನಡೆದುದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೇ. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ೧೯೬೦-೬೧ರಲ್ಲಿ ಈ ಜಿಲ್ಲೆಯಲ್ಲಿ ಕ್ಷಯರೋಗದ ಸಮೀಕ್ಷೆಯನ್ನು ಕೈಕೊಂಡರು. ಆ ಸಮೀಕ್ಷೆಯಲ್ಲಿ ಕಂಡುಬಂದ ರೋಗಿಗಳನ್ನು ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ಪುನಃ ಕಂಡು ಮಾತನಾಡಿಸಿದರು. ಅವರ ಲೇಖನ ೧೯೬೩ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನಿಗಳು, ರೋಗವಿದ್ದರೂ ತಿಳಿಯದವರು, ತಿಳಿದರೂ ಆಸ್ಪತ್ರೆಗೆ ಬಾರದವರು ಎಂಬುದು ಆಗ್ಗೆ ಪಟ್ಟಣವಾಸಿಗಳ ಸಾಮಾನ್ಯ ನಂಬಿಕೆಯಾಗಿತ್ತು. ವಿಚಾರಿಸಿ ನೋಡಿದರೆ ಕಂಡುಬಂದ ಸಂಗತಿಯೇ ಬೇರೆ. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ದೇಹದಲ್ಲಿನ ಕುರುಹುಗಳು ಚೆನ್ನಾಗಿ ತಿಳಿದಿದ್ದುವು. ಸುಮಾರು ಅರ್ಧದಷ್ಟು ಜನ ಅದಾಗಲೇ ವೈದ್ಯಶಾಲೆಗಳ ಬಾಗಿಲಿಗೆ ಹೋಗಿಬಂದಿದ್ದರು. ಆದರೆ ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರಕಿದುದು ಕೆಮ್ಮಿನ ಮಿಕ್ಸ್ಚರಿನ ಒಂದು ಸೀಸೆ!

ವಾಚಕರು ಈ ಸೀಸೆಯ ವಿಚಾರವನ್ನು ಸ್ವಲ್ಪ ಮನನಮಾಡಬೇಕು. ಕ್ಷಯದ ಕೆಮ್ಮಿಗೆ ಮಿಕ್ಸ್ಚರು ಕೊಡುವುದರಿಂದ ಕೆಮ್ಮು ನಾಲ್ಕು ದಿನ ಅಡಗೀತು. ರೋಗವು ಒಳಗೆ ಬೆಳೆಯುತ್ತಲೇ ಇರುತ್ತದೆ. ಮನೆಯ ಮಕ್ಕಳಿಗೂ ಅಂಟುತ್ತದೆ. ಲೋಪವಿದ್ದುದು ಹಳ್ಳಿಗನ ತಿಳಿವಳಿಕೆಯಲ್ಲಲ್ಲ, ಔಷಧ ಕೊಡುವ ಕಿಟಕಿಯಲ್ಲಿ. ಈ ಒಂದು ಸತ್ಯವು ಹೊರಬಿದ್ದುದರಿಂದ, ೧೯೬೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿವಾರಣಾ ಕಾರ್ಯಕ್ರಮವು ಬೇರೆ ದಾರಿ ಹಿಡಿಯಿತು. ರೋಗಿಗಳನ್ನು ಹುಡುಕಿಕೊಂಡು ಊರೂರು ಅಲೆಯುವುದಕ್ಕಿಂತ, ಕೆಮ್ಮಿಕೊಂಡು ತಾವಾಗಿಯೇ ಆಸ್ಪತ್ರೆಗೆ ಬರುವವರ ಕಫವನ್ನು ಪರೀಕ್ಷಿಸುವುದು ಮೇಲೆಂದು ತೀರ್ಮಾನವಾಯಿತು. ಆ ಕೆಲಸವನ್ನು ಯಾರೂ ಆಗ ಔಷಧ ವೃತ್ತಿ ಸಂಶೋಧನೆಯೆಂದು ಕರೆಯಲಿಲ್ಲ. ಹೆಸರು ಏನೇ ಇರಲಿ, ಅದರ ಸಾರ ಅದೇ: ರೋಗಿಗೆ ಏನು ಕೊಟ್ಟರು, ಏಕೆ ಕೊಟ್ಟರು, ಕೊಟ್ಟುದರಿಂದ ಏನಾಯಿತು ಎಂದು ಕೇಳಿ, ಬಂದ ಉತ್ತರವನ್ನು ಅಂಜದೆ ಬರೆದಿಡುವುದು.

ಅದೇ ಕಾಲದಲ್ಲಿ ಮದರಾಸಿನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ೧೯೫೬ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದವರು ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಯೂ ಕೆಲವರನ್ನು ಅವರವರ ಮನೆಗಳಲ್ಲಿಯೂ ಇರಿಸಿ ಒಂದೇ ಔಷಧವನ್ನು ಕೊಟ್ಟು ನೋಡಿದರು. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶ ಲೋಕವನ್ನೇ ಬೆರಗುಗೊಳಿಸಿತು: ಬಡವರ ಕಿರಿದಾದ ಮನೆಯಲ್ಲಿಯೂ ಚಿಕಿತ್ಸೆ ಸ್ಯಾನಟೋರಿಯಂನಷ್ಟೇ ಫಲಿಸುತ್ತದೆ. ಆದರೆ ಔಷಧವನ್ನು ತಪ್ಪದೆ ನುಂಗಬೇಕೆಂಬುದೇ ಅದಕ್ಕೆ ನಿಯಮ. ನುಂಗಿದರೋ ಇಲ್ಲವೋ ಎಂಬುದನ್ನು ಅರಿಯಲು ಅವರು ಮಾತ್ರೆಗಳನ್ನು ಎಣಿಸಿದರು, ಮೂತ್ರವನ್ನು ಪರೀಕ್ಷಿಸಿದರು. ಗುಣವಾಗತೊಡಗಿದೊಡನೆ ಮಾತ್ರೆಯನ್ನು ಬಿಡುವುದು ಮನುಷ್ಯಸ್ವಭಾವವೆಂದೂ, ಅದನ್ನು ಬೈಗುಳದಿಂದಲ್ಲ, ವಿಚಾರಣೆಯಿಂದಲೂ ವ್ಯವಸ್ಥೆಯಿಂದಲೂ ತಿದ್ದಬೇಕೆಂದೂ ಅಂದಿನಿಂದ ಗೊತ್ತಾಯಿತು.

ಇನ್ನು ಅಪಾಯದ ವಿಚಾರ. ಔಷಧವೇ ವಿಷವಾದ ಪ್ರಸಂಗಗಳು ಲೋಕದ ಚರಿತ್ರೆಯಲ್ಲಿ ಅನೇಕವಿವೆ. ೧೯೩೭ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಮದ್ದನ್ನು ವಿಷದ್ರಾವಣವೊಂದರಲ್ಲಿ ಕರಗಿಸಿ ಮಾರಿದುದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದವಾಡ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಮೃತಪಟ್ಟುವು. ಅಲ್ಲಿ ಪತ್ತೆಯಾದುದು ೧೯೩೭ರ ಅದೇ ವಿಷ, ಡೈಎಥಿಲೀನ್ ಗ್ಲೈಕಾಲ್. ಎಂಬತ್ತೆಂಟು ವರ್ಷಗಳಾದರೂ ಪಾಠ ಕಲಿತಂತಾಗಲಿಲ್ಲ. ನಮ್ಮ ನಾಡಿನಲ್ಲಿಯೇ ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಹುಟ್ಟಿ, ಸರ್ಕಾರದವರು ಅದರ ಬಳಕೆಯನ್ನು ನಿಲ್ಲಿಸಿ, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟರು. ಅದೇ ವರ್ಷದ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಹೆಂಗಸರು ಸತ್ತುದನ್ನು ಈ ಸೀಮೆಯ ಜನ ಮರೆತಿರಲಾರರು. ಅಲ್ಲಿನ ಲೋಪ ಔಷಧದ್ದಲ್ಲ, ಸೋಂಕಿನದೆಂದು ವರದಿಯಾಯಿತು. ಸಿಬ್ಬಂದಿಯ ಮೇಲೆ ಕ್ರಮವೂ ಜರುಗಿತು. ಆದರೆ ಎರಡು ಪ್ರಸಂಗಗಳೂ ಹೇಳುವುದು ಒಂದೇ ಮಾತನ್ನು. ಮೊದಲನೆಯ ರೋಗಿಯಲ್ಲಿ ಕಂಡ ಕೇಡನ್ನು ಆ ಹೊತ್ತಿಗೇ ಬರೆದು ತಿಳಿಸುವ ಪದ್ಧತಿ ಗಟ್ಟಿಯಾಗಿದ್ದಲ್ಲಿ, ಮೂರನೆಯವರೋ ಐದನೆಯವರೋ ಉಳಿಯುವ ಸಂಭವವುಂಟು.

ಇಂತಹ ದೊಡ್ಡ ದುರಂತಗಳು ಪತ್ರಿಕೆಗಳಲ್ಲಿ ಬರುತ್ತವೆ, ಶಾಸನಸಭೆಯಲ್ಲಿ ಚರ್ಚೆಯಾಗುತ್ತವೆ. ಆದರೆ ಸದ್ದಿಲ್ಲದೆ ನಡೆಯುವ ಸಣ್ಣ ಕೇಡುಗಳ ಲೆಕ್ಕವನ್ನು ಇಡುವವರಾರು? ಜ್ವರಕ್ಕೆ ಒಂದು ಮಾತ್ರೆ, ನೆಗಡಿಗೆ ಒಂದು, ಮೈಕೈನೋವಿಗೆ ಒಂದು ಎಂದು ಮೂರು ಹೆಸರಿನ ಮಾತ್ರೆಗಳನ್ನು ಒಬ್ಬನು ನುಂಗುತ್ತಾನೆ. ಮೂರರಲ್ಲಿಯೂ ಇರುವುದು ಅದೇ ಪ್ಯಾರಸಿಟಮಾಲ್. ಪ್ರಮಾಣ ಮೀರಿ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವ ಮತ್ತೊಬ್ಬನಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ. ಆ ಔಷಧವು ಸಕ್ಕರೆಯ ಕೆಲವು ಮಾತ್ರೆಗಳ ಬಲವನ್ನು ಕುಗ್ಗಿಸುತ್ತದೆ. ಒಂದು ಚೀಟಿ ಒಂದು ಕಿಟಕಿಯಲ್ಲಿ, ಇನ್ನೊಂದು ಚೀಟಿ ಇನ್ನೊಂದು ಅಂಗಡಿಯಲ್ಲಿ. ಎರಡನ್ನೂ ಒಟ್ಟಿಗಿಟ್ಟು ನೋಡುವ ಕಣ್ಣು ಮಾತ್ರ ಎಲ್ಲಿಯೂ ಇಲ್ಲ. ಆ ಕಣ್ಣಾಗಬೇಕಾದವರು ಫಾರ್ಮಸಿಸ್ಟರು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೭ರಲ್ಲಿ ಹಾನಿಯಿಲ್ಲದ ಔಷಧ ಸೇವನೆಯನ್ನೇ ಗುರಿಯಾಗಿಟ್ಟು ಜಾಗತಿಕ ಆಂದೋಲನವೊಂದನ್ನು ಹೂಡಿ, ಔಷಧದ ತಪ್ಪುಗಳಿಂದ ಲೋಕಕ್ಕೆ ಆಗುವ ವೆಚ್ಚ ವರ್ಷಕ್ಕೆ ೪,೨೦೦ ಕೋಟಿ ಡಾಲರೆಂದು ಅಂದಾಜುಮಾಡಿದರು. ಪಶ್ಚಿಮದ ಮುಂದುವರಿದ ಆಸ್ಪತ್ರೆಗಳಲ್ಲಿಯೇ ಈ ತಪ್ಪುಗಳು ನಡೆಯುವಾಗ, ನಮ್ಮ ತಾಲ್ಲೂಕುಗಳಲ್ಲಿ ನಡೆಯುವುದಿಲ್ಲವೆಂದು ನೆಮ್ಮದಿಯಿಂದಿರುವುದು ಜಾಣತನವಲ್ಲ.

ಫಾರ್ಮಸಿಸ್ಟರೆಂದರೆ ಮಾತ್ರೆಗಳನ್ನು ಕತ್ತರಿಸಿ ಕೊಡುವ ವ್ಯಾಪಾರಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಿಂದೆ ಕಾಂಪೌಂಡರು ಬೆರಸಿ ಕೊಡುತ್ತಿದ್ದರು. ಈಗ ಕಾರ್ಖಾನೆಯೇ ಬೆರಸಿ ಕಳುಹಿಸುವುದರಿಂದ ಅವರ ಕೆಲಸ ಮುಗಿಯಿತೆಂದು ಎಣಿಸುವವರೂ ಉಂಟು. ದಿಟವಾಗಿ ನೋಡಿದರೆ ಅವರ ಕೆಲಸ ಮುಗಿಯಲಿಲ್ಲ, ಬದಲಾಯಿತು. ೧೯೯೦ರಲ್ಲಿ ಅಮೆರಿಕದ ಹೆಪ್ಲರ್ ಮತ್ತು ಸ್ಟ್ರಾಂಡ್ ಎಂಬವರು, ಔಷಧವನ್ನು ಕೊಟ್ಟಲ್ಲಿಗೆ ಫಾರ್ಮಸಿಸ್ಟರ ಹೊಣೆ ತೀರುವುದಿಲ್ಲ, ಅದರಿಂದ ರೋಗಿಗೆ ಒಳ್ಳೆಯದಾಗುವವರೆಗೂ ಇರುತ್ತದೆಂದು ಪ್ರತಿಪಾದಿಸಿದರು. ೧೯೯೬ರಲ್ಲಿ ಅದೇ ದೇಶದ ಆಶ್‌ವಿಲ್ ಎಂಬ ನಗರದಲ್ಲಿ ಇದನ್ನು ಆಚರಣೆಗೆ ತಂದು ನೋಡಿದರು. ನಗರದ ನೌಕರರಲ್ಲಿ ಸಕ್ಕರೆ ಕಾಯಿಲೆಯುಳ್ಳವರು ಆಗಾಗ್ಗೆ ಊರಿನ ಔಷಧದ ಅಂಗಡಿಯ ಫಾರ್ಮಸಿಸ್ಟರನ್ನು ಕಂಡು ತಮ್ಮ ಔಷಧದ ವಿಚಾರ ಮಾತನಾಡುವ ಏರ್ಪಾಡಾಯಿತು. ಅವರ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಚಿಕಿತ್ಸೆಯ ಒಟ್ಟು ಖರ್ಚೂ ಇಳಿಯಿತು.

ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಔಷಧ ವೃತ್ತಿಯ ಸ್ನಾತಕೋತ್ತರ ಶಿಕ್ಷಣವು ಭಾರತದಲ್ಲಿ ಮೊದಲಿಗೆ ಬೇರುಬಿಟ್ಟ ವಿದ್ಯಾಲಯಗಳಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜೂ ಒಂದು. ೧೯೯೦ರ ದಶಕದಲ್ಲಿಯೇ ಅಲ್ಲಿ ಈ ಪಾಠ ಆರಂಭವಾಯಿತು. ೨೦೦೮ರಲ್ಲಿ ಆರು ವರ್ಷಗಳ ಫಾರ್ಮ್‌.ಡಿ. ಶಿಕ್ಷಣಕ್ರಮಕ್ಕೆ ನಿಯಮಗಳಾದುವು. ೧೯೪೮ರ ಫಾರ್ಮಸಿ ಕಾಯಿದೆಯ ಮೇರೆಗೆ ನೋಂದಾಯಿತ ಫಾರ್ಮಸಿಸ್ಟರಲ್ಲದವರು ವೈದ್ಯರ ಚೀಟಿಗೆ ಔಷಧ ಕೊಡಕೂಡದು. ೨೦೧೫ರ ವೃತ್ತಿ ನಿಯಮಗಳ ಮೇರೆಗೆ ರೋಗಿಗೆ ತಿಳಿವಳಿಕೆ ಹೇಳುವುದೂ ಫಾರ್ಮಸಿಸ್ಟರ ಕರ್ತವ್ಯ. ೨೦೧೦ರಲ್ಲಿ ಔಷಧಗಳ ಅಡ್ಡಪರಿಣಾಮಗಳನ್ನು ಕಲೆಹಾಕುವ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ೧೮೦೦-೧೮೦-೩೦೨೪ ಎಂಬ ಸಂಖ್ಯೆಗೆ ರೋಗಿಯೇ ದೂರವಾಣಿಯಲ್ಲಿ ಹೇಳಬಹುದು. ಶಾಸನವುಂಟು, ವಿದ್ಯೆಯುಂಟು, ವಿದ್ಯಾವಂತರೂ ಉಂಟು. ಇಲ್ಲದಿರುವುದು ಇವನ್ನೆಲ್ಲ ಮಧುಗಿರಿಯ ಬೆಟ್ಟದ ಬುಡಕ್ಕೆ ತಂದು ಮುಟ್ಟಿಸುವ ಪ್ರಯತ್ನ.

ಹಾಗಾದರೆ ಈ ಸೀಮೆಯಲ್ಲಿ ಸಂಶೋಧನೆಗೆ ತಕ್ಕ ಪ್ರಶ್ನೆಗಳು ಯಾವುವು? ಬೇರೆಲ್ಲಿಂದಲೋ ಎರವಲು ತರಬೇಕಾದುದಿಲ್ಲ, ನೀರಿನಲ್ಲಿಯೇ ಒಂದಿದೆ. ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಹಲ್ಲು ಕಂದುಗಟ್ಟುತ್ತದೆ, ವಯಸ್ಸಾದಂತೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದಕ್ಕೆ ಒಳ್ಳೆಯ ನೀರು ಮತ್ತು ಒಳ್ಳೆಯ ಆಹಾರವಲ್ಲದೆ ಔಷಧವಿಲ್ಲ. ಆದರೆ ನೋವು ಸುಮ್ಮನಿರಗೊಡುವುದಿಲ್ಲ. ಬಡವನು ಅಂಗಡಿಗೆ ಹೋಗಿ ನೋವಿನ ಮಾತ್ರೆ ಕೇಳುತ್ತಾನೆ. ನುಂಗಿ ಹೊಲಕ್ಕೆ ಹೋಗುತ್ತಾನೆ. ಈ ಬಗೆಯ ಮಾತ್ರೆಗಳಲ್ಲಿ ಬಹುಪಾಲು, ವರ್ಷಗಟ್ಟಲೆ ಸೇವಿಸಿದಲ್ಲಿ, ಅದರಲ್ಲಿಯೂ ಬಿಸಿಲಿನಲ್ಲಿ ಬೆವರಿ ನೀರು ಬತ್ತಿದ ದೇಹದಲ್ಲಿ ಮತ್ತು ರಕ್ತದೊತ್ತಡದ ಕೆಲವು ಔಷಧಗಳ ಜೊತೆಯಲ್ಲಿ, ಮೂತ್ರಪಿಂಡಗಳನ್ನು ಕೆಡಿಸತಕ್ಕವು. ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಜನ, ಎಷ್ಟು ಕಾಲದಿಂದ, ಯಾವ ನೋವಿನ ಮಾತ್ರೆಯನ್ನು, ಯಾರ ಮಾತಿನ ಮೇಲೆ ಸೇವಿಸುತ್ತಿದ್ದಾರೆ? ಇದನ್ನು ಎಣಿಸುವುದು ಪ್ರಯೋಗಶಾಲೆಯ ಕೆಲಸವಲ್ಲ. ಔಷಧದ ಅಂಗಡಿಯ ಮುಂದೆ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸ.

ಎರಡನೆಯದು ಇನ್ಸುಲಿನ್ನಿನ ವಿಚಾರ. ತೆರೆಯದ ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿಗಳ ತಂಪಿನಲ್ಲಿಡಬೇಕು. ವೈಶಾಖದ ಬಿಸಿಲಿನಲ್ಲಿ ಪಾವಗಡದ ಹಳ್ಳಿಯ ಮನೆಯೊಳಗೆ ಅದು ಎಲ್ಲಿರುತ್ತದೆ, ಹೇಗಿರುತ್ತದೆ? ಎರಡು ಮಡಕೆಗಳ ನಡುವೆ ಒದ್ದೆ ಮರಳು ತುಂಬಿ ತಂಪು ಮಾಡುವ ಹಳೆಯ ಉಪಾಯ ಎಷ್ಟರಮಟ್ಟಿಗೆ ಸಾಕಾದೀತು? ಉಷ್ಣಮಾಪಕವನ್ನಿಟ್ಟು ಒಂದು ಬೇಸಗೆ ಅಳೆದರೆ ಉತ್ತರ ದೊರಕುತ್ತದೆ. ಮೂರನೆಯದು ಭಾಷೆಯದು. ಮಾತ್ರೆಯ ಹಾಳೆಯ ಮೇಲಿನ ಬರಹ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ರೋಗಿಯ ಮನೆಮಾತು ಕನ್ನಡ, ಪಾವಗಡದ ಕಡೆ ತೆಲುಗು, ಶಿರಾ ಪೇಟೆಯಲ್ಲಿ ಉರ್ದುವೂ ಉಂಟು. ಬೆಳಗಿಗೆ ಸೂರ್ಯನನ್ನೂ ರಾತ್ರಿಗೆ ಚಂದ್ರನನ್ನೂ ಬರೆದ ಚೀಟಿಯಿಂದ ಎಷ್ಟು ತಪ್ಪುಗಳು ತಪ್ಪುತ್ತವೆ? ನಾಲ್ಕನೆಯದು ಆಂಟಿಬಯಾಟಿಕ್ಕುಗಳದು. ಕ್ಷಯದ ಔಷಧಗಳನ್ನೂ ಬಲವಾದ ಕೆಲವು ಆಂಟಿಬಯಾಟಿಕ್ಕುಗಳನ್ನೂ ಮಾರುವಾಗ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ದಫ್ತರದಲ್ಲಿ ಬರೆದಿಡಬೇಕೆಂಬ ನಿಯಮ ೨೦೧೪ರಿಂದ ಜಾರಿಯಲ್ಲಿದೆ. ಆ ದಫ್ತರಗಳನ್ನು ಓದಿದರೆ ಯಾವ ಊರಿನಲ್ಲಿ ಯಾವ ಔಷಧ ಮಿತಿಮೀರಿ ಹೋಗುತ್ತಿದೆಯೆಂಬುದು ತಿಳಿಯುತ್ತದೆ. ಐದನೆಯದಾಗಿ, ಬೆಂಗಳೂರಿಗೆ ಕೂಲಿಗೆ ಹೋದವನ ರಕ್ತದೊತ್ತಡದ ಮಾತ್ರೆ ಎಂದು ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದು.

ಈ ಸೂಚನೆಗೆ ಆಕ್ಷೇಪಗಳು ಬಾರದಿರವು. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವ ಒಬ್ಬಿಬ್ಬರು ಫಾರ್ಮಸಿ ಅಧಿಕಾರಿಗಳು ನೂರಾರು ಜನಕ್ಕೆ ಔಷಧ ಕೊಡುವುದೇ ಕಷ್ಟವಾಗಿರುವಾಗ ಸಂಶೋಧನೆಗೆ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಮಾತು ನ್ಯಾಯವಾದುದೇ. ಆದುದರಿಂದಲೇ ಆ ಭಾರವನ್ನು ಅವರ ಮೇಲೆ ಹೊರಿಸಬಾರದು. ಕಾಲೇಜುಗಳ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಅಲ್ಲಿಗೆ ಕಳುಹಿಸಬೇಕು. ಫಾರ್ಮಸಿಸ್ಟರು ವೈದ್ಯರ ಚೀಟಿಯನ್ನು ತಿದ್ದಹೊರಟರೆ ಅಧಿಕಾರದ ಜಗಳ ಹುಟ್ಟೀತೆಂದು ಅಂಜುವವರೂ ಇದ್ದಾರೆ. ಚೀಟಿಯನ್ನು ತಿದ್ದುವುದು ವೈದ್ಯರ ಹಕ್ಕು. ಸಂಶಯವನ್ನು ವೈದ್ಯರಿಗೆ ತಿಳಿಸುವುದು ಫಾರ್ಮಸಿಸ್ಟರ ಧರ್ಮ. ಎರಡಕ್ಕೂ ವಿರೋಧವಿಲ್ಲ. ಇನ್ನು ಎಲ್ಲಕ್ಕಿಂತ ದೊಡ್ಡ ಅಡ್ಡಿ ಭಯ. ತಪ್ಪನ್ನು ಹೇಳಿಕೊಂಡವನನ್ನು ಒಡನೆಯೇ ದಂಡಿಸುವುದಾದರೆ ತಪ್ಪು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಬೇಕೆಂದು ಮಾಡಿದ ಅಪರಾಧಕ್ಕೆ ಶಿಕ್ಷೆಯಿರಲಿ. ದಣಿವಿನಿಂದಲೋ, ಒಂದೇ ತೆರನಾದ ಹೆಸರಿನ ಎರಡು ಡಬ್ಬಿಗಳು ಪಕ್ಕಪಕ್ಕದಲ್ಲಿದ್ದುದರಿಂದಲೋ ಆದ ಪ್ರಮಾದವನ್ನು ಹೆಸರಿಲ್ಲದೆ ಬರೆದಿಡುವ ಪುಸ್ತಕವೊಂದು ಪ್ರತಿ ಆಸ್ಪತ್ರೆಯಲ್ಲಿಯೂ ಇರಲಿ. ಡಬ್ಬಿಗಳನ್ನು ಬೇರೆಬೇರೆಯಾಗಿಡಬೇಕೆಂಬ ಬುದ್ಧಿ ಬರುವುದು ಆ ಪುಸ್ತಕದಿಂದಲೇ.

ಸಂಶೋಧನೆಯೆಂಬ ಹೆಸರಿನಿಂದ ನಡೆದುದೆಲ್ಲವೂ ಪ್ರಯೋಜನಕರವೆಂದು ನಾವು ಹೇಳುವುದಿಲ್ಲ. ಪದವಿಗಾಗಿ ನೂರು ಚೀಟಿಗಳನ್ನು ಎಣಿಸಿ, ಪ್ರಬಂಧ ಬರೆದು ಕಪಾಟಿನಲ್ಲಿಟ್ಟರೆ ಯಾವ ರೋಗಿಗೂ ಒಳ್ಳೆಯದಾಗದು. ತಿಳಿವಳಿಕೆ ಹೇಳಿದ ಊರನ್ನು ಹೇಳದ ಊರಿನೊಡನೆ ಹೋಲಿಸಿ ನೋಡಬೇಕು. ಫಲವಿಲ್ಲದಿದ್ದರೆ ಇಲ್ಲವೆಂದೇ ಪ್ರಕಟಿಸಬೇಕು. ರೋಗಿಯ ಒಪ್ಪಿಗೆಯಿಲ್ಲದೆ ಆತನ ಗುಟ್ಟನ್ನು ಬರೆಯಕೂಡದು. ಕಂಡುಬಂದ ಸಂಗತಿಯನ್ನು ಆಯಾ ಊರಿನ ಜನರಿಗೆ ಅವರ ಭಾಷೆಯಲ್ಲಿ ತಿಳಿಸಬೇಕು.

ಆದಕಾರಣ ನಮ್ಮ ಸೂಚನೆ ಇಷ್ಟು. ತುಮಕೂರಿನ ಸಿದ್ಧಗಂಗಾ ಫಾರ್ಮಸಿ ಕಾಲೇಜಿನಂತಹ ವಿದ್ಯಾಲಯಗಳೂ, ಜಿಲ್ಲೆಯ ಆರೋಗ್ಯಾಧಿಕಾರಿಗಳೂ, ಔಷಧ ವರ್ತಕರ ಸಂಘದವರೂ ಒಂದುಗೂಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಆಸ್ಪತ್ರೆಯನ್ನೂ ಕೆಲವು ಅಂಗಡಿಗಳನ್ನೂ ಆರಿಸಿಕೊಂಡು, ಮೇಲೆ ಹೇಳಿದ ಪ್ರಶ್ನೆಗಳಲ್ಲಿ ಒಂದೆರಡನ್ನು ಮಾತ್ರ ಹಿಡಿದು, ಒಂದು ವರ್ಷ ಪರೀಕ್ಷಿಸಲಿ. ನೋವಿನ ಮಾತ್ರೆಯ ವಿಚಾರವನ್ನು ಮೊದಲು ಕೈಕೊಳ್ಳುವುದು ಉತ್ತಮವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಬೇಕಾದುದು ಭವ್ಯ ಕಟ್ಟಡವಲ್ಲ. ಪುಸ್ತಕ, ಪೆನ್ನು, ರಕ್ತಪರೀಕ್ಷೆಯ ಅನುಕೂಲ, ಮತ್ತು ಕೂತು ಕೇಳುವ ತಾಳ್ಮೆ. ಸರ್ಕಾರದವರು ಇದಕ್ಕೆ ಅಲ್ಪ ಧನಸಹಾಯ ಮಾಡಿದರೂ ಮೂತ್ರಪಿಂಡ ಕೆಟ್ಟವರ ಡಯಾಲಿಸಿಸ್ಸಿಗೆ ಮುಂದೆ ವ್ಯಯಿಸಬೇಕಾದುದರಲ್ಲಿ ಅದರ ಎಷ್ಟೋ ಪಾಲು ಉಳಿದೀತು.

ಮಹಾಜನರಲ್ಲಿಯೂ ಒಂದು ಬಿನ್ನಹವುಂಟು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ ತೋರಿಸಿರಿ. ಯಾವ ಮಾತ್ರೆ ಯಾತಕ್ಕೆ, ಎಷ್ಟು ದಿನ, ಊಟಕ್ಕೆ ಮೊದಲೋ ಅನಂತರವೋ ಎಂದು ಕೇಳಿರಿ. ಕೇಳುವುದು ನಿಮ್ಮ ಹಕ್ಕು, ಹೇಳುವುದು ಔಷಧ ಕೊಡುವವರ ಕರ್ತವ್ಯ. ಔಷಧ ಸೇವಿಸಿದ ಮೇಲೆ ಮೈಮೇಲೆ ಗಂಧೆಯೋ, ವಾಂತಿಯೋ, ತಲೆಸುತ್ತೋ ಬಂದಲ್ಲಿ ಮುಚ್ಚಿಡದೆ ತಿಳಿಸಿರಿ. ಅರುವತ್ತು ವರ್ಷಗಳ ಹಿಂದೆ ಈ ಜಿಲ್ಲೆಯ ಹಳ್ಳಿಗರು ತಮ್ಮ ಕೆಮ್ಮಿನ ಕಥೆಯನ್ನು ಮನಬಿಚ್ಚಿ ಹೇಳಿದುದರಿಂದ ಇಡೀ ದೇಶದ ಕ್ಷಯರೋಗಿಗಳಿಗೆ ಉಪಕಾರವಾಯಿತು. ಹೇಳುವ ಜನ ಇಂದೂ ಇದ್ದಾರೆ. ಕೇಳಿ ಬರೆದುಕೊಳ್ಳುವವರು ಮುಂದೆ ಬರಬೇಕು.